ದೋಣಿಯ ಇಂಜಿನಿಗೆ ಯಾವ ಎಣ್ಣೆ?

ಮಳೆಗಾಲದಲ್ಲಿ ನಮ್ಮ ಕರಾವಳಿಯ ಅಳಿವೆಯೊಂದರ ದಡದಲ್ಲಿ ನಿಂತು ನೋಡಿದವರಿಗೆ ಆ ದೃಶ್ಯ ಮರೆಯುವಂಥದಲ್ಲ. ನದಿಯ ಕೆಂಪು ನೀರು ಹೊರಕ್ಕೆ ನುಗ್ಗುತ್ತಿರುತ್ತದೆ. ಕಡಲಿನ ತೆರೆ ಒಳಕ್ಕೆ ನುಗ್ಗುತ್ತಿರುತ್ತದೆ. ಎರಡೂ ಸೆಣಸಾಡುವ ಆ ಇಕ್ಕಟ್ಟಿನಲ್ಲಿ ನಾಡದೋಣಿಯೊಂದು, ತನ್ನ ಹಿಂಬದಿಗೆ ತಗುಲಿಸಿದ ಪುಟ್ಟ ಇಂಜಿನನ್ನೇ ನಂಬಿಕೊಂಡು ಸಮುದ್ರಕ್ಕೆ ದಾಟುತ್ತಿರುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವುಂಟು. ಆಗ ಕಡಲಿಗಿಳಿಯುವ ಅವಕಾಶವಿರುವುದು ನಾಡದೋಣಿಗಳಿಗೆ. ಅವುಗಳ ಮೋಟಾರು 10 ಅಶ್ವಶಕ್ತಿಯನ್ನು ಮೀರಕೂಡದು. ತೆರೆಗಳ ನಡುವೆ ಆ ಮೋಟಾರು ಒಂದು ನಿಮಿಷ ನಿಂತರೂ ಸಾಕು, ದೋಣಿ ತೆರೆಗೆ ಅಡ್ಡ ತಿರುಗುತ್ತದೆ. ಮುಂದಿನದನ್ನು ಹೇಳಬೇಕಾಗಿಲ್ಲ.

ಇಂಜಿನು ಕೈಕೊಡಲು ಕಾರಣಗಳು ಹಲವು. ಅವುಗಳಲ್ಲಿ ದಡದ ಮೇಲೆಯೇ, ಅಂಗಡಿಯ ಮುಂದೆಯೇ ನಿವಾರಿಸಬಹುದಾದ ಕಾರಣವೊಂದಿದೆ. ಅದು ಇಂಧನಕ್ಕೆ ಬೆರೆಸುವ ಎಣ್ಣೆ. ‘ಸಾದಾ ಎಣ್ಣೆ ಕೊಡಲೋ, ಸಿಂಥೆಟಿಕ್ ಕೊಡಲೋ?’ ಎಂದು ಅಂಗಡಿಯವನು ಕೇಳುತ್ತಾನೆ. ಸಿಂಥೆಟಿಕ್ಕಿನ ಬೆಲೆ ಹೆಚ್ಚು. ಕೊಟ್ಟ ಹೆಚ್ಚಿನ ಹಣಕ್ಕೆ ತಕ್ಕ ಪ್ರಯೋಜನವುಂಟೇ ಎಂಬುದೇ ಪ್ರಶ್ನೆ.

ಸ್ಕೂಟರಿನ ಬಂಧು

ಪಟ್ಟಣವಾಸಿಗಳಾದ ನಮಗೂ ಈ ಎಣ್ಣೆ ಅಪರಿಚಿತವಲ್ಲ. ಮನೆಯಲ್ಲಿ ಹಳೆಯ ಸ್ಕೂಟರನ್ನೋ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಮೋಟಾರ್ ಸೈಕಲನ್ನೋ ಇಟ್ಟುಕೊಂಡಿದ್ದವರು ಪೆಟ್ರೋಲ್ ಬಂಕಿನಲ್ಲಿ ‘ಟೂ ಟಿ’ ಎಣ್ಣೆ ಹಾಕಿಸಿದ್ದನ್ನು ಮರೆತಿರಲಾರರು. ಹಿಂದೆ ಏಳುತ್ತಿದ್ದ ನೀಲಿ ಹೊಗೆಯೂ ನೆನಪಿರಬಹುದು. ನಾಡದೋಣಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಮೋಟಾರು ಅದೇ ವಂಶದ ಯಂತ್ರ.

ಇದನ್ನು ವ್ಯಾಪಾರಕ್ಕೆ ತಂದು ಜನಪ್ರಿಯಗೊಳಿಸಿದವನು ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ನೆಲೆಸಿದ್ದ ಓಲೆ ಎವಿನ್‌ರೂಡ್. ಬೇಸಗೆಯ ದಿನವೊಂದರಲ್ಲಿ ಪ್ರೇಯಸಿಗಾಗಿ ಐಸ್‌ಕ್ರೀಮು ತರಲು ಆತ ಸರೋವರದಲ್ಲಿ ಹುಟ್ಟುಹಾಕುತ್ತ ಹೋದನಂತೆ. ಮರಳಿ ಬರುವಷ್ಟರಲ್ಲಿ ಐಸ್‌ಕ್ರೀಮು ಕರಗಿತ್ತಂತೆ. ಅಂದೇ ದೋಣಿಗೆ ಮೋಟಾರು ಕಟ್ಟುವ ಆಲೋಚನೆ ಮೊಳೆಯಿತಂತೆ. ಕಥೆ ಎಷ್ಟು ನಿಜವೋ, 1909ರಲ್ಲಿ ಅವನ ಮೋಟಾರು ಮಾರಾಟಕ್ಕೆ ಬಂದುದಂತೂ ನಿಜ.

ಕಾರಿನ ಇಂಜಿನಿನಲ್ಲಿ ಎಣ್ಣೆಗೆ ಪ್ರತ್ಯೇಕ ತೊಟ್ಟಿಯುಂಟು. ಅದೇ ಎಣ್ಣೆ ಮತ್ತೆ ಮತ್ತೆ ಸುತ್ತಿ ಬರುತ್ತದೆ. ಟೂ ಸ್ಟ್ರೋಕ್ ಇಂಜಿನಿನಲ್ಲಿ ಅಂತಹ ತೊಟ್ಟಿಯಿಲ್ಲ. ಪೆಟ್ರೋಲಿನ ಜತೆಗೆ ಬಂದ ಎಣ್ಣೆಯ ಹನಿಗಳೇ ಬೇರಿಂಗುಗಳನ್ನೂ ಪಿಸ್ಟನ್ನನ್ನೂ ನೆನೆಸಿ, ಅನಂತರ ಪೆಟ್ರೋಲಿನೊಡನೆ ಉರಿದುಹೋಗುತ್ತವೆ. ಹೀಗಾಗಿ ಈ ಎಣ್ಣೆಗೆ ಎರಡು ಕೆಲಸ: ಇದ್ದಷ್ಟು ಹೊತ್ತು ಲೋಹವನ್ನು ಕಾಯಬೇಕು, ಹೋಗುವಾಗ ಬೂದಿಯನ್ನೂ ಮಸಿಯನ್ನೂ ಉಳಿಸದೆ ಹೋಗಬೇಕು.

ಮೊದಲು ನೋಡಬೇಕಾದ ಗುರುತು

‘ಹಾಗಾದರೆ ಸ್ಕೂಟರಿನ ಎಣ್ಣೆಯನ್ನೇ ದೋಣಿಗೂ ಹಾಕಿದರಾಯಿತಲ್ಲ?’ ಎಂದು ಕೇಳಬಹುದು. ಆಗದು. ಸ್ಕೂಟರಿನ ಇಂಜಿನು ಗಾಳಿಯಿಂದ ತಂಪಾಗುವುದರಿಂದ ಬಹಳ ಬಿಸಿಯಾಗಿ ಓಡುತ್ತದೆ. ಆ ಬಿಸಿಯಲ್ಲೂ ಪಿಸ್ಟನ್ನು ಶುಭ್ರವಾಗಿರಲೆಂದು ಅದರ ಎಣ್ಣೆಗೆ ಸಾಮಾನ್ಯವಾಗಿ ಲೋಹಾಂಶವುಳ್ಳ ದ್ರವ್ಯಗಳನ್ನು ಸೇರಿಸಿರುತ್ತಾರೆ. ಅವು ಉರಿದಾಗ ಬೂದಿಯಾಗುತ್ತದೆ. ದೋಣಿಯ ಮೋಟಾರಾದರೋ ಹೊಳೆಯ ಅಥವಾ ಕಡಲಿನ ನೀರನ್ನೇ ಎಳೆದುಕೊಂಡು ತಂಪಾಗಿ ಓಡುತ್ತದೆ. ಆದರೆ ಗಂಟೆಗಟ್ಟಲೆ ಪೂರ್ಣ ಶಕ್ತಿಯಲ್ಲಿ ಓಡುತ್ತದೆ. ಸಿಲಿಂಡರಿನಲ್ಲಿ ಕೂತ ಬೂದಿ ಕೆಂಡದಂತೆ ಕಾದು, ಕಿಡಿ ಹಾರುವುದಕ್ಕೆ ಮೊದಲೇ ಇಂಧನವನ್ನು ಹೊತ್ತಿಸಿದರೆ ಪಿಸ್ಟನ್ನಿಗೆ ತೂತು ಬೀಳಲೂಬಹುದು.

ಆದುದರಿಂದ ದೋಣಿಯ ಮೋಟಾರಿಗೆ ಬೂದಿಯುಳಿಸದ ಎಣ್ಣೆಯೇ ಬೇಕು. ಇದಕ್ಕೆಂದು ಅಮೆರಿಕದ ರಾಷ್ಟ್ರೀಯ ನೌಕಾ ತಯಾರಕರ ಸಂಘವು ಒಂದು ಮಟ್ಟವನ್ನು ಗೊತ್ತುಮಾಡಿದೆ. 1990ರ ದಶಕದ ಆರಂಭದಲ್ಲಿ ಜಾರಿಗೆ ಬಂದ ಆ ಮಟ್ಟದ ಗುರುತು ‘ಟಿಸಿ-ಡಬ್ಲ್ಯು3’. ನೀರಿನಿಂದ ತಂಪಾಗುವ ಟೂ ಸ್ಟ್ರೋಕ್ ಇಂಜಿನಿಗೆ ತಕ್ಕುದು ಎಂಬುದೇ ಇದರ ಅಭಿಪ್ರಾಯ. ತುಕ್ಕು ತಡೆಯುವ ಗುಣ, ಪೆಟ್ರೋಲಿನಲ್ಲಿ ಬೆರೆಯುವ ಗುಣ, ಉಂಗುರಗಳು ಅಂಟಿಕೊಳ್ಳದಂತೆ ನೋಡಿಕೊಳ್ಳುವ ಗುಣ, ಇವನ್ನೆಲ್ಲ ಪರೀಕ್ಷಿಸಿದ ಮೇಲೆಯೇ ಈ ಗುರುತು ದೊರೆಯುತ್ತದೆ. ಸಾದಾ ಎಣ್ಣೆಗೂ ಇದು ಸಿಕ್ಕೀತು, ಸಿಂಥೆಟಿಕ್ಕಿಗೂ ಸಿಕ್ಕೀತು. ಈ ಗುರುತಿಲ್ಲದ ದುಬಾರಿ ಎಣ್ಣೆಗಿಂತ ಗುರುತುಳ್ಳ ಸಾದಾ ಎಣ್ಣೆಯೇ ಮೇಲು.

ಎರಡರ ಅಂತರ

ಸಾದಾ ಎಣ್ಣೆ ಕಚ್ಚಾ ತೈಲದಿಂದ ಬಂದುದು. ಲೋಹಕ್ಕೆ ರಕ್ಷಣೆ ಕೊಡಲೆಂದು ಅದರಲ್ಲಿ ದಪ್ಪನೆಯ ಭಾರವಾದ ತೈಲದ ಅಂಶವಿರುತ್ತದೆ. ಕಾಯುವ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಆದರೆ ಪೂರ್ತಿ ಉರಿಯದೆ ಹೊಗೆಯನ್ನೂ ಮಸಿಯನ್ನೂ ಬಿಡುತ್ತದೆ. ಸಿಂಥೆಟಿಕ್ ಎಣ್ಣೆಯನ್ನು ರಸಾಯನಶಾಲೆಯ ಕ್ರಮದಲ್ಲಿ ಬೇಕಾದ ಗುಣಗಳಿಗೆ ತಕ್ಕಂತೆ ಕಟ್ಟುತ್ತಾರೆ. ಅದರಲ್ಲಿ ಬಳಸುವ ಪಾಲಿಐಸೊಬ್ಯೂಟಿಲೀನ್ ಎಂಬ ವಸ್ತು ಕಾದಾಗ ಸಣ್ಣ ಕಣಗಳಾಗಿ ಬಿಡಿಸಿಕೊಂಡು ಶುಭ್ರವಾಗಿ ಉರಿಯುತ್ತದೆ. ಎಸ್ಟರುಗಳೆಂಬ ಇನ್ನೊಂದು ಜಾತಿಯ ವಸ್ತುಗಳು ಲೋಹಕ್ಕೆ ಅಂಟಿಕೊಂಡು ನಿಲ್ಲುತ್ತವೆ. ಎಸ್ಟರಿನ ಕೆಲವು ಎಣ್ಣೆಗಳು ನೀರಿಗೆ ಬಿದ್ದರೂ ಸೂಕ್ಷ್ಮಜೀವಿಗಳಿಂದ ಬೇಗ ಕರಗುವಂಥವು. ಆದರೆ ಸಿಂಥೆಟಿಕ್ ಎಂದ ಮಾತ್ರಕ್ಕೆ ಈ ಗುಣವಿದೆಯೆಂದು ಭಾವಿಸಬಾರದು. ಡಬ್ಬಿಯ ಮೇಲೆ ಹಾಗೆ ಸ್ಪಷ್ಟವಾಗಿ ಬರೆದಿರಬೇಕು.

ಇನ್ನು ಆಯ್ಕೆ. ದಿನವೂ ಕಡಲಿಗೆ ಹೋಗಿ ಬರುವ, ಹೆಚ್ಚಿನ ಹೊತ್ತು ವೇಗವಾಗಿ ಓಡುವ ದುಡಿಮೆಯ ದೋಣಿಗೆ ಟಿಸಿ-ಡಬ್ಲ್ಯು3 ಗುರುತಿನ ಸಾದಾ ಎಣ್ಣೆ ಸಾಕು. ಎಣ್ಣೆಗೆ ಹೆಚ್ಚು ಸುರಿಯುವ ಹಣವನ್ನು ಹೊಸ ಪ್ಲಗ್ಗಿಗೂ ಶೋಧಕಕ್ಕೂ ವಿನಿಯೋಗಿಸಿದರೆ ಅಂತಹ ದೋಣಿಗೆ ಹೆಚ್ಚು ಉಪಕಾರ. ಬಲೆ ಬಿಟ್ಟು ಗಂಟೆಗಟ್ಟಲೆ ನಿಧಾನವಾಗಿ ಚಲಿಸುವ ದೋಣಿಯ ಮಾತು ಬೇರೆ. ನಿಧಾನದ ಓಟದಲ್ಲಿ ಮಸಿ ಬೇಗ ಕಟ್ಟುತ್ತದೆ, ಪ್ಲಗ್ಗು ಬೇಗ ಹಾಳಾಗುತ್ತದೆ, ಹೊಗೆ ಕೂತವರ ಮುಖಕ್ಕೇ ಬಡಿಯುತ್ತದೆ. ಹಿನ್ನೀರಿನಲ್ಲಿ, ಸರೋವರದಲ್ಲಿ ವಿಹಾರಕ್ಕೆ ಬಂದ ಸಂಸಾರಗಳನ್ನು ಕೂರಿಸಿಕೊಂಡು ಹೋಗುವ ದೋಣಿಗೂ ಈ ಮಾತು ಸಲ್ಲುತ್ತದೆ. ಅಂಥಲ್ಲಿ ಸಿಂಥೆಟಿಕ್ಕಿಗೆ ಕೊಟ್ಟ ಹಣ ವ್ಯರ್ಥವಲ್ಲ.

ಮೋಟಾರಿನ ತಯಾರಕರೇ ಸಿಂಥೆಟಿಕ್ಕಿಗೆ ವಿಶೇಷ ಸ್ಥಾನ ಕೊಟ್ಟಿದ್ದರೆ ಅದರಂತೆ ನಡೆಯುವುದೇ ಸರಿ. ಎವಿನ್‌ರೂಡನ ಹೆಸರಿನ ‘ಇ-ಟೆಕ್’ ಮೋಟಾರುಗಳಲ್ಲಿ ಕಂಪನಿಯದೇ ಆದ ಪೂರ್ಣ ಸಿಂಥೆಟಿಕ್ ಎಣ್ಣೆಯನ್ನು ಬಳಸುವವರು, ಕಡಮೆ ಎಣ್ಣೆಯಲ್ಲಿಯೇ ಓಡುವಂತೆ ಇಂಜಿನನ್ನು ಹೊಂದಿಸಿಕೊಳ್ಳಬಹುದಾಗಿತ್ತು. ಆ ಮೋಟಾರುಗಳ ತಯಾರಿಕೆ 2020ರಲ್ಲಿ ನಿಂತಿತು.

ಅಳತೆಯೇ ಮುಖ್ಯ

ಒಳ್ಳೆಯ ಎಣ್ಣೆಯೂ ಅಳತೆ ತಪ್ಪಿದರೆ ಕೆಟ್ಟ ಎಣ್ಣೆಯೇ. ಅನೇಕ ಮೋಟಾರುಗಳಿಗೆ ಹೇಳಿರುವ ಪ್ರಮಾಣ ಐವತ್ತಕ್ಕೆ ಒಂದು. ಎಂದರೆ 10 ಲೀಟರು ಪೆಟ್ರೋಲಿಗೆ 200 ಮಿಲಿಲೀಟರು ಎಣ್ಣೆ. ಹೊಸ ಮೋಟಾರು ಪಳಗುವ ತನಕ ಇದರ ಇಮ್ಮಡಿ ಹಾಕಬೇಕೆಂದು ಹಲವರು ತಯಾರಕರು ವಿಧಿಸಿರುತ್ತಾರೆ. ಹಳೆಯ ಮೋಟಾರುಗಳಿಗೂ ಹೆಚ್ಚು ಎಣ್ಣೆ ಬೇಕಾಗಬಹುದು. ನಮ್ಮ ಕರಾವಳಿಯ ಎಷ್ಟೋ ದೋಣಿಗಳು ಪೆಟ್ರೋಲಿನಲ್ಲಿ ಚಾಲೂ ಆಗಿ ಸೀಮೆಎಣ್ಣೆಯಲ್ಲಿ ಓಡುತ್ತವೆ. ಸೀಮೆಎಣ್ಣೆ ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗುವುದಿಲ್ಲ, ಮಸಿಯನ್ನೂ ಹೆಚ್ಚು ಕಟ್ಟುತ್ತದೆ. ಅಂತಹ ಮೋಟಾರಿಗೆ ಅದರ ಕೈಪಿಡಿಯಲ್ಲಿರುವ ಪ್ರಮಾಣವೇ ಪ್ರಮಾಣ.

ಸಿಂಥೆಟಿಕ್ ಶ್ರೇಷ್ಠವೆಂದು ಕಡಮೆ ಹಾಕುವುದು ಒಂದು ತಪ್ಪು. ಪಿಸ್ಟನ್ನು ಬಿಗಿದು ಹಿಡಿದುಕೊಂಡೀತು. ಹೆಚ್ಚು ಹಾಕಿದರೆ ಕ್ಷೇಮವೆಂಬುದು ಇನ್ನೊಂದು ತಪ್ಪು. ಹೆಚ್ಚಾದ ಎಣ್ಣೆ ಪೆಟ್ರೋಲಿನ ಜಾಗವನ್ನೇ ಕಬಳಿಸುತ್ತದೆ. ಪ್ಲಗ್ಗು ಮಸಿ ಹಿಡಿದು, ಬೇಕಾದ ಗಳಿಗೆಯಲ್ಲೇ ಕಿಡಿ ಹಾರದೆ ಹೋಗಬಹುದು. ಕಣ್ಣಳತೆಯನ್ನು ಬಿಟ್ಟು ಗೆರೆ ಕೊರೆದ ಅಳತೆಪಾತ್ರೆಯನ್ನೇ ಬಳಸಬೇಕು. ಡಬ್ಬಿಯಲ್ಲಿ ಎಣ್ಣೆಯನ್ನೂ ಸ್ವಲ್ಪ ಇಂಧನವನ್ನೂ ಹಾಕಿ ಅಲುಗಿಸಿ, ಆಮೇಲೆ ಉಳಿದ ಇಂಧನವನ್ನು ತುಂಬಿ ಮತ್ತೊಮ್ಮೆ ಅಲುಗಿಸಬೇಕು.

ಅಂಗಡಿಯವನ ಪ್ರಶ್ನೆಗೆ ಉತ್ತರ ಹೇಳುವ ಮುನ್ನ ನಾವೇ ಮೂರು ಪ್ರಶ್ನೆ ಹಾಕಿಕೊಳ್ಳೋಣ: ಡಬ್ಬಿಯ ಮೇಲೆ ಗುರುತಿದೆಯೇ? ಕೈಪಿಡಿ ಹೇಳುವ ಅಳತೆ ಎಷ್ಟು? ದೋಣಿ ಓಡುವ ಬಗೆ ಎಂತಹುದು? ಸಾದಾ ಎಣ್ಣೆಯೋ ಸಿಂಥೆಟಿಕ್ಕೋ ಎಂಬುದು ಇವುಗಳ ನಂತರದ ಮಾತು. ಅಳಿವೆಯ ತೆರೆಗೆ ಎಣ್ಣೆಯ ಬೆಲೆ ತಿಳಿಯದು. ದಡದಲ್ಲಿ ಕಾದು ಕುಳಿತ ಮನೆಮಂದಿಗೆ ಬೇಕಾದುದು ಇಷ್ಟೇ: ಹೋದ ದೋಣಿಯ ಇಂಜಿನಿನ ಸದ್ದು ಸಂಜೆಗೆ ಮತ್ತೆ ಕೇಳಿಬರಬೇಕು.