ನಿಮಗಿದು ಗೊತ್ತೆ? ದುಡಿಮೆ ನಿಂತ ಮೇಲೂ ಮನಸ್ಸಿಗೆ ಅದರ ಭಾರ

ವಿಜಯಪುರ ಜಿಲ್ಲೆಯ ತೊರವಿಯ ಆಚೆ ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ತೋಟಗಳು ಬಹಳ. ಏಪ್ರಿಲ್ ಮತ್ತು ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು), ಗೊನೆ ಕೊಯ್ಲು, ಆಮೇಲೆ ಶೆಡ್ಡಿನಲ್ಲಿ ಕೂತು ಒಣದ್ರಾಕ್ಷಿಯ ಕಡ್ಡಿ ಬಿಡಿಸುವುದು. ಈ ಕೆಲಸ ಮಾಡುವ ಕೂಲಿ ಹೆಣ್ಣುಮಕ್ಕಳಿಗೆ ನಿವೃತ್ತಿ ಎಂಬ ದಿನವೇ ಇಲ್ಲ. ಮೈ ಸೋತ ದಿನವೇ ಕೆಲಸ ಬಿಟ್ಟ ದಿನ. ಪಗಾರದ ಜೊತೆಗೆ ಸಾಲಿನಲ್ಲಿ ಕೂತು ಆಡುತ್ತಿದ್ದ ಮಾತು, ಹಾಡು, ಗೆಳೆತನವೂ ಅಂದೇ ನಿಲ್ಲುತ್ತವೆ. ಮುಪ್ಪಿನ ಖಿನ್ನತೆಗೆ ಹಣದ ಚಿಂತೆಯ ಜೊತೆಗೆ ಈ ಒಂಟಿತನವೂ ಕಾರಣವಾಗಬಹುದು. ಇದನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ.

ಬೇರೆ ದುಡಿಮೆಗಳೂ ಹೀಗೆ ಒಂಟಿತನ ತರಬಹುದು. ಗಿರಣಿ, ಕಲ್ಲಿನ ಕ್ವಾರಿಗಳ ಗದ್ದಲದಲ್ಲಿ ವರ್ಷಗಟ್ಟಲೆ ದುಡಿದವರ ಕಿವಿ ಮಂದವಾಗಬಹುದು. ಕೇಳಿಸದವರಲ್ಲಿ ಹಲವರು ನಾಲ್ಕು ಜನರ ನಡುವೆ ಕೂರುವುದನ್ನೇ ಬಿಡುತ್ತಾರೆ. ಮರೆವಿನ ಕಾಯಿಲೆಗೆ ದಾರಿಯಾಗುವ, ಆದರೆ ತಡೆಯಬಹುದಾದ 14 ಅಂಶಗಳನ್ನು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಕಿವಿ ಮಂದವಾಗುವುದು, ಖಿನ್ನತೆ, ಜನರ ಒಡನಾಟ ಇಲ್ಲದಿರುವುದು ಮೂರೂ ಅದರಲ್ಲಿವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದವರ ಮಿದುಳಿನ ಆರೋಗ್ಯವನ್ನು ದೀರ್ಘಕಾಲ ಗಮನಿಸುವ ಅಧ್ಯಯನ ನಡೆಸುತ್ತಿದೆ. ವಿಜಯಪುರದ ತೋಟಗಳಲ್ಲಿ ದುಡಿದವರಿಗೂ ಇಂಥ ಗಮನ ಸಲ್ಲಬೇಕು.

ಮನೆಯ ಹಿರಿಯರು ಮಾತು ಕಡಿಮೆ ಮಾಡಿದರೆ, ಊಟ, ನಿದ್ದೆ ಬಿಟ್ಟರೆ ‘ವಯಸ್ಸಾಯಿತು’ ಎಂದು ಸುಮ್ಮನಾಗಬೇಡಿ. ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು.