ತಂತಿ ಮೀಟುವವರ ಬಳಗ

ಒಬ್ಬರ ಮುಖ ಒಬ್ಬರು ಕಂಡಿರದ ಐದಾರು ಜನ ಒಂದೆಡೆ ಸೇರಿ, ಪೂರ್ವಾಭ್ಯಾಸವಿಲ್ಲದೆ, ಸ್ವರಲಿಪಿಯ ಹಾಳೆಯೂ ಇಲ್ಲದೆ ಒಟ್ಟಾಗಿ ನುಡಿಸಬಹುದೇ? ಅಮೆರಿಕದ ಬ್ಲೂಗ್ರಾಸ್ ಸಂಗೀತಗಾರರಿಗೆ ಇದು ವಾರವಾರದ ರೂಢಿ. ಎಲ್ಲರಿಗೂ ಗೊತ್ತಿರುವ ಹಾಡುಗಳ ದೊಡ್ಡ ಗಂಟೊಂದು ಅವರಲ್ಲಿದೆ. ಅದರ ಬಲದಿಂದಲೇ ಅಪರಿಚಿತರು ಗೆಳೆಯರಾಗುತ್ತಾರೆ, ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿರುವ ಸೈನಿಕರಿಗೂ ಜೊತೆಗಾರರು ಸಿಗುತ್ತಾರೆ.

ಈ ಸಂಗೀತದ ಜನಕ ಎನಿಸಿಕೊಂಡವರು ಬಿಲ್ ಮನ್ರೋ. ಹುಟ್ಟಿದ್ದು 1911ರಲ್ಲಿ, ಕೆಂಟಕಿ ರಾಜ್ಯದ ರೊಸೀನ್ ಎಂಬ ಪುಟ್ಟ ಊರಿನಲ್ಲಿ. 1939ರಲ್ಲಿ ಅವರು ತಮ್ಮ 'ಬ್ಲೂ ಗ್ರಾಸ್ ಬಾಯ್ಸ್' ತಂಡದೊಂದಿಗೆ ನ್ಯಾಶ್‌ವಿಲ್‌ನ ಪ್ರಸಿದ್ಧ ರೇಡಿಯೊ ಕಾರ್ಯಕ್ರಮ 'ಗ್ರ್ಯಾಂಡ್ ಓಲ್ ಆಪ್ರಿ'ಗೆ ಸೇರಿದರು. 1945ರ ಕೊನೆಯಲ್ಲಿ ಅರ್ಲ್ ಸ್ಕ್ರಗ್ಸ್ ತಂಡಕ್ಕೆ ಬಂದು ಮೂರು ಬೆರಳುಗಳಿಂದ ಬ್ಯಾಂಜೊ ಮೀಟತೊಡಗಿದ ಮೇಲೆ ಈ ಶೈಲಿಗೆ ಸ್ಪಷ್ಟ ರೂಪ ಬಂತು. ಮ್ಯಾಂಡೊಲಿನ್, ಪಿಟೀಲು, ಐದು ತಂತಿಯ ಬ್ಯಾಂಜೊ, ಗಿಟಾರ್ ಮತ್ತು ಆಳೆತ್ತರದ ಬಾಸ್ ಇದರ ಮುಖ್ಯ ವಾದ್ಯಗಳು. ಇವುಗಳಲ್ಲಿ ಬ್ಯಾಂಜೊದ ಮೂಲ ಆಫ್ರಿಕಾ. ಅದನ್ನು ಅಮೆರಿಕಕ್ಕೆ ತಂದವರು ಗುಲಾಮರಾಗಿ ಬಂದ ಜನ. ಈ ಯಾವ ವಾದ್ಯಕ್ಕೂ ವಿದ್ಯುತ್ ಬೇಕಿಲ್ಲ. ಹಾಗಾಗಿ ಮನೆಯ ಜಗಲಿ, ಉತ್ಸವದ ಪಾರ್ಕಿಂಗ್ ಜಾಗ, ಸೇನಾ ಡೇರೆ, ಎಲ್ಲಿ ಬೇಕಾದರೂ ನುಡಿಸಬಹುದು.

ಹೀಗೆ ಕೂಡಿ ನುಡಿಸುವುದಕ್ಕೆ 'ಜ್ಯಾಮ್' ಎನ್ನುತ್ತಾರೆ. ನಮ್ಮ ಊರಿನ ಭಜನಾ ಮಂಡಳಿಯಂತೆ ಇಲ್ಲಿಯೂ ಬಂದವರೆಲ್ಲರಿಗೂ ಜಾಗವಿದೆ. ಎಲ್ಲರೂ ಸುತ್ತುಗಟ್ಟಿ ನಿಲ್ಲುತ್ತಾರೆ. ಒಬ್ಬರು ಹಾಡಿನ ಹೆಸರನ್ನೂ ಶ್ರುತಿಯನ್ನೂ ಹೇಳುತ್ತಾರೆ; ಗಿಟಾರಿನವರು ಅದಕ್ಕೆ ತಕ್ಕಂತೆ ತಂತಿಗಳನ್ನು ಒತ್ತಿ ಹಿಡಿಯುವ 'ಕ್ಯಾಪೊ' ಎಂಬ ಹಿಡಿಕೆಯನ್ನು ಬಿಗಿದುಕೊಳ್ಳುತ್ತಾರೆ. ಬಾಸ್ ತಾಳದ ಪೆಟ್ಟನ್ನು ಹಿಡಿದರೆ, ಎರಡು ಪೆಟ್ಟುಗಳ ನಡುವೆ ಮ್ಯಾಂಡೊಲಿನ್ 'ಚಕ್' ಎಂದು ಮೊಟಕು ಹೊಡೆತ ಕೊಡುತ್ತದೆ. ಹಾಡುವವರು ಯಾರತ್ತ ತಲೆಯಾಡಿಸಿ ಸನ್ನೆ ಮಾಡುತ್ತಾರೋ ಅವರು ಒಂದು ಸುತ್ತು ಒಬ್ಬರೇ ನುಡಿಸಬೇಕು. ಆಗ ಉಳಿದವರು ದನಿ ತಗ್ಗಿಸುತ್ತಾರೆ. ಹಾಡು ಮುಗಿಸಬೇಕೆಂದಾಗ ಮುಂದಾಳು ಒಂದು ಕಾಲು ಮುಂದೆ ಎತ್ತಿದರೆ ಸಾಕು, ಎಲ್ಲರೂ ಒಟ್ಟಿಗೆ ನಿಲ್ಲಿಸುತ್ತಾರೆ. ಹೊಸಬರು ಹಿಂದಿನ ಸಾಲಿನಲ್ಲಿ ನಿಂತು ಮೆಲ್ಲಗೆ ನುಡಿಸುತ್ತಾ ಕಲಿಯುತ್ತಾರೆ. ಕೇಳಿಸಿಕೊಳ್ಳುವುದು, ಸರದಿ ಕಾಯುವುದು, ಇನ್ನೊಬ್ಬರಿಗೆ ದಾರಿ ಬಿಡುವುದು: ಗೆಳೆತನಕ್ಕೆ ಬೇಕಾದ ಗುಣಗಳೆಲ್ಲ ಇಲ್ಲಿ ಹಾಡಿನ ನಿಯಮಗಳೇ ಆಗಿವೆ.

ಸೈನ್ಯಕ್ಕೂ ಈ ಸಂಗೀತಕ್ಕೂ ನಂಟು ಹಳೆಯದು. ಬ್ಯಾಂಜೊ ವಾದಕ ರಾಲ್ಫ್ ಸ್ಟ್ಯಾನ್ಲಿ ಜರ್ಮನಿಯಲ್ಲಿ ಸೇನಾ ಸೇವೆ ಮುಗಿಸಿ 1946ರಲ್ಲಿ ವರ್ಜೀನಿಯಾಕ್ಕೆ ಮರಳಿದರು. ಅದೇ ವರ್ಷ ಅಣ್ಣ ಕಾರ್ಟರ್ ಜೊತೆ 'ಸ್ಟ್ಯಾನ್ಲಿ ಬ್ರದರ್ಸ್' ಕಟ್ಟಿದರು. ಮ್ಯಾಂಡೊಲಿನ್ ವಾದಕ ಜೆಸ್ಸಿ ಮೆಕ್‌ರೆನಾಲ್ಡ್ಸ್ ಕೊರಿಯಾದಲ್ಲಿ ಸೈನಿಕರಾಗಿದ್ದಾಗ ಅಲ್ಲಿ ಸಿಕ್ಕ ಗಾಯಕ ಚಾರ್ಲಿ ಲೂವಿನ್ ಜೊತೆಗೂಡಿ ಜವಾನರಿಗಾಗಿ ನುಡಿಸಿದರು. ಯುದ್ಧಾನಂತರದ ಜಪಾನಿನಲ್ಲಿ ಅಮೆರಿಕದ ಸೈನಿಕರಿಗೆಂದೇ ನಡೆಯುತ್ತಿದ್ದ ರೇಡಿಯೊ ಕೇಂದ್ರ ಸ್ಥಳೀಯ ಯುವಕರಿಗೂ ಈ ಹುಚ್ಚು ಹತ್ತಿಸಿತು. ಅಲ್ಲಿನ ತಕರಾಜುಕ ಬ್ಲೂಗ್ರಾಸ್ ಉತ್ಸವ ಶುರುವಾದದ್ದು 1972ರಲ್ಲಿ. ಅಮೆರಿಕದ ನೌಕಾಪಡೆಗೆ 'ಕಂಟ್ರಿ ಕರೆಂಟ್' ಎಂಬ ತನ್ನದೇ ಕಂಟ್ರಿ ಮತ್ತು ಬ್ಲೂಗ್ರಾಸ್ ತಂಡ ಇದೆ.

ಶಿಬಿರದ ಬದುಕಿನಲ್ಲಿ ಅಪಾಯದಷ್ಟೇ ಬೇಸರವೂ ಇರುತ್ತದೆ. ಪಾಳಿ ಮುಗಿದ ಮೇಲಿನ ಗಂಟೆಗಳನ್ನು ಕಳೆಯುವುದು ಕಷ್ಟ. ಅಲ್ಲಿಗೆ ಬಂದ ಒಂದು ಗಿಟಾರ್ ಹತ್ತು ಜನರನ್ನು ಸುತ್ತ ಸೇರಿಸುತ್ತದೆ. ಮಿನ್ನೆಸೋಟದ ಫರ್ಗಸ್ ಫಾಲ್ಸ್ ಪಟ್ಟಣದ 'ಆಪರೇಷನ್ ಹ್ಯಾಪಿ ನೋಟ್' ಎಂಬ ಸ್ವಯಂಸೇವಾ ಸಂಸ್ಥೆ ವಿದೇಶಗಳಲ್ಲಿ ಸೇವೆಯಲ್ಲಿದ್ದ ಸೈನಿಕರಿಗೆ ಉಚಿತವಾಗಿ ವಾದ್ಯಗಳನ್ನು ಕಳಿಸಿದ್ದು ಇದೇ ಕಾಳಜಿಯಿಂದ. ಮರುಭೂಮಿಯ ಒಣ ಹವೆಗೆ ವಾದ್ಯದ ಮರ ಸೀಳುತ್ತದೆ, ಮರಳು ಮತ್ತು ಬೆವರಿಗೆ ತಂತಿ ಬೇಗ ಹಾಳಾಗುತ್ತದೆ. ಅದಕ್ಕಾಗಿ ಹೆಚ್ಚುವರಿ ತಂತಿ, ಮೀಟುಗಡ್ಡಿ, ವಾದ್ಯದೊಳಗೆ ಇಡುವ ತೇವದ ಸ್ಪಂಜುಗಳಿಗೂ ಅಲ್ಲಿ ವಾದ್ಯದಷ್ಟೇ ಬೆಲೆ.

ಮನೆಗೆ ಮರಳಿದವರಿಗೂ ಆಸರೆ ಬೇಕು. ಮಿಲ್ವಾಕಿಯಲ್ಲಿ 2007ರಲ್ಲಿ ಆರಂಭವಾದ 'ಗಿಟಾರ್ಸ್ ಫಾರ್ ವೆಟ್ಸ್' ಸಂಸ್ಥೆ ಮನಸ್ಸಿಗೆ ಗಾಯವಾದ ಮಾಜಿ ಸೈನಿಕರಿಗೆ ಹತ್ತು ಪಾಠ ಹೇಳಿಕೊಟ್ಟು, ಕೊನೆಗೆ ಒಂದು ಗಿಟಾರನ್ನು ಉಚಿತವಾಗಿ ಕೊಡುತ್ತದೆ. ಯುದ್ಧದ ಅನುಭವವನ್ನು ಬಾಯಿಬಿಟ್ಟು ಹೇಳಲಾಗದವರಿಗೆ ಮಾತಿಲ್ಲದೆಯೂ ಜೊತೆಯಾಗಬಲ್ಲ ನಾಲ್ಕು ಜನ ದೊಡ್ಡ ಬಲ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು, ಅಲ್ಲಿಗೆ ಮಕ್ಕಳ ಮನೆಗೆ ಹೋಗುವ ಹಿರಿಯರು ಹತ್ತಿರದಲ್ಲಿ ಎಲ್ಲಾದರೂ ಬ್ಲೂಗ್ರಾಸ್ ಜ್ಯಾಮ್ ನಡೆಯುತ್ತಿದ್ದರೆ ಒಮ್ಮೆ ಹೋಗಿ ನೋಡಿ. ಪಿಟೀಲು ಕಲಿತವರಾದರೆ ಅದನ್ನೂ ಕೊಂಡೊಯ್ಯಿರಿ. ಹಿಂದಿನ ಸಾಲಿನಲ್ಲಿ ನಿಮಗೂ ಒಂದು ಜಾಗ ಇರುತ್ತದೆ.