ದಾನಿ ಕಾರಿನಿಂದ ತಗಡು ಬಿಡಿಸುವ ಬಗೆ

ಹಳೆಯ ಕಾರೊಂದನ್ನು ಮೊದಲಿನ ರೂಪಕ್ಕೆ ತರುವವರನ್ನು ಎಂಜಿನ್ನಿಗಿಂತ ಹೆಚ್ಚು ಕಾಡುವುದು ಮೈತಗಡು. ಪಿಸ್ಟನ್, ರಿಂಗು, ಬೇರಿಂಗುಗಳನ್ನು ಹುಡುಕಿ ತರಬಹುದು, ಸಿಗದಿದ್ದರೆ ಲೇತ್‌ನಲ್ಲಿ ಮಾಡಿಸಿಕೊಳ್ಳಬಹುದು. ಮಡ್‌ಗಾರ್ಡ್ ಅಥವಾ ಡಿಕ್ಕಿಯ ತಗಡು ಹಾಗಲ್ಲ. ಅದು ಆ ಮಾದರಿಗೆಂದೇ ಕಡೆದ ಭಾರೀ ಅಚ್ಚುಗಳ ನಡುವೆ ಒತ್ತಿಸಿಕೊಂಡು ಆಕಾರ ಪಡೆದದ್ದು. ಕಾರಿನ ತಯಾರಿಕೆ ನಿಂತರೆ ಸಾಮಾನ್ಯವಾಗಿ ಅಚ್ಚುಗಳೂ ಮೂಲೆ ಸೇರುತ್ತವೆ. ಬ್ರಿಟನ್ನಿನ ಎಂಜಿಬಿ ಕಾರಿಗೆ ಮಾತ್ರ ಅದೃಷ್ಟವಿತ್ತು. 1980ರಲ್ಲಿ ನಿಂತುಹೋದ ಆ ಕಾರಿನ ಇಡೀ ಮೈಯನ್ನು ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ 1988ರಿಂದ ಮತ್ತೆ ತಯಾರಿಸತೊಡಗಿತು. ಅಂಥ ಭಾಗ್ಯವಿಲ್ಲದ ಕಾರುಗಳಿಗೆ ತಗಡನ್ನು ಕೈಯಲ್ಲಿ ಬಡಿದು ರೂಪಿಸಬೇಕು, ಇಲ್ಲವೇ ಅದೇ ಮಾದರಿಯ ಇನ್ನೊಂದು ಕಾರಿನಿಂದ ಬಿಡಿಸಿ ತರಬೇಕು. ಹೀಗೆ ಬಿಡಿಭಾಗಕ್ಕೆಂದೇ ಬಲಿಯಾಗುವುದು ದಾನಿ ಕಾರು.

ಬಿಡಿಸುವುದು ಎಷ್ಟು ಸುಲಭ ಎಂಬುದು ಕಾರನ್ನು ಕೂಡಿಸಿದ ರೀತಿಯ ಮೇಲೆ ನಿಂತಿದೆ. 1959ರಲ್ಲಿ ಬಂದ ಟ್ರಯಂಫ್ ಹೆರಾಲ್ಡ್ ಈ ವಿಷಯದಲ್ಲಿ ರಿಪೇರಿಯವರ ಪಾಲಿನ ವರ. ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ಮೈತಗಡು ಒದಗಿಸುತ್ತಿದ್ದ ಫಿಶರ್ ಅಂಡ್ ಲಡ್ಲೋ ಕಾರ್ಖಾನೆಯನ್ನು ಎದುರಾಳಿ ಬಿಎಂಸಿ ಕೊಂಡುಬಿಟ್ಟಿತ್ತು. ಇಡೀ ಮೈಯನ್ನು ಒಂದೇ ಕಡೆ ಮಾಡಿಸುವ ದಾರಿ ಮುಚ್ಚಿದ್ದರಿಂದ ತುಂಡುತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ, ಪ್ರತ್ಯೇಕ ಚಾಸಿಯ ಮೇಲೆ ಬೋಲ್ಟ್ ಹಾಕಿ ಕೂರಿಸುವ ವಿನ್ಯಾಸ ಹುಟ್ಟಿತು. ಅದಕ್ಕೆ ಅಂದ ಕೊಟ್ಟವರು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ಬಾನೆಟ್ಟು ಮತ್ತು ಎರಡೂ ಮುಂದಿನ ಮಡ್‌ಗಾರ್ಡ್ ಒಂದೇ ಭಾಗವಾಗಿ ಮುಂದಕ್ಕೆ ಬಾಗುತ್ತವೆ, ಮಾಡನ್ನು ಕೂಡ ಬೋಲ್ಟ್ ಬಿಚ್ಚಿ ಎತ್ತಿಡಬಹುದು. ಮದ್ರಾಸಿನಲ್ಲಿ ತಯಾರಾಗಿ ನಮ್ಮ ರಸ್ತೆಗಳಲ್ಲೂ ಓಡಾಡಿದ ಸ್ಟ್ಯಾಂಡರ್ಡ್ ಹೆರಾಲ್ಡ್ ಇದರದೇ ಭಾರತೀಯ ರೂಪ. ಫೋಕ್ಸ್‌ವ್ಯಾಗನ್ ಬೀಟಲ್‌ನ ನಾಲ್ಕೂ ಮಡ್‌ಗಾರ್ಡ್‌ಗಳು ಸಹ ಬೋಲ್ಟಿನವೇ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಎಂಜಿಬಿಗಳ ಕತೆ ಬೇರೆ. ಇವಕ್ಕೆ ಪ್ರತ್ಯೇಕ ಚಾಸಿ ಇಲ್ಲ. ನೆಲ, ಕಂಬ, ಮಾಡು, ಬಾಗಿಲ ಕೆಳಗಿನ ಹೊಸ್ತಿಲುಪಟ್ಟಿ ಎಲ್ಲ ಒಂದಕ್ಕೊಂದು ಬೆಸೆದುಕೊಂಡು ಮೈಯೇ ಭಾರ ಹೊರುತ್ತದೆ. ಬಾಗಿಲು, ಬಾನೆಟ್ಟು, ಡಿಕ್ಕಿಯ ಮುಚ್ಚಳ ಕೀಲಿನ ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತವೆ. ಉಳಿದವುಗಳಲ್ಲಿ ಹೆಚ್ಚಿನವನ್ನು ಹಿಡಿದಿರುವುದು ಸ್ಪಾಟ್ ವೆಲ್ಡ್, ಅಂದರೆ ಚುಕ್ಕಿ ಬೆಸುಗೆ.

ಈ ಬೆಸುಗೆಯನ್ನು ಅರಿತವರಿಗೇ ಅದನ್ನು ಬಿಡಿಸಲು ಬರುವುದು. ಎರಡು ತಗಡುಗಳ ಅಂಚನ್ನು ಒಂದರ ಮೇಲೊಂದಿಟ್ಟು ಎರಡೂ ಬದಿಯಿಂದ ತಾಮ್ರದ ಮೊನೆಗಳಲ್ಲಿ ಅದುಮುತ್ತಾರೆ. ಕೆಲವೇ ವೋಲ್ಟಿನ, ಆದರೆ ಎಂಟು-ಹತ್ತು ಸಾವಿರ ಆಂಪಿಯರಿನಷ್ಟು ವಿದ್ಯುತ್ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಹರಿಯುತ್ತದೆ. ತಾಮ್ರದಲ್ಲಿ ಅದು ಸಲೀಸಾಗಿ ಸಾಗುತ್ತದೆ. ತಗಡು ತಗಡನ್ನು ಮುಟ್ಟುವ ಜಾಗದಲ್ಲಿ ಮಾತ್ರ ರೋಧ ಹೆಚ್ಚು, ಆದ್ದರಿಂದ ಬಿಸಿ ಹುಟ್ಟುವುದು ಸಂದಿಯಲ್ಲೇ. ಉಕ್ಕು ಅಲ್ಲಿ ಕರಗಿ, ಸುಮಾರು 5 ಮಿ.ಮೀ. ಅಗಲದ ಗುಂಡಿಯಾಗಿ ಗಟ್ಟಿಯಾಗುತ್ತದೆ. ಗುಂಡಿ ಸುತ್ತಲಿನ ತಗಡಿಗಿಂತ ಗಡಸು. ಒಳ್ಳೆಯ ಬೆಸುಗೆಯನ್ನು ಎಳೆದು ಹರಿದರೆ ಗುಂಡಿ ಒಡೆಯುವುದಿಲ್ಲ, ಪಕ್ಕದ ತಗಡೇ ತೂತಾಗಿ ಕಿತ್ತುಬರುತ್ತದೆ. ಅವಸರದಲ್ಲಿ ಸುತ್ತಿಗೆ ಚಾಣ ಹಿಡಿದವರಿಗೆ ಸಿಗುವುದು ಹರಿದ ಅಂಚಿನ ತಗಡು.

ಕತ್ತರಿಸುವ ಮೊದಲು ಕಾಗದಪತ್ರ ನೋಡಿಕೊಳ್ಳಬೇಕು. ಮತ್ತೆ ಓಡಿಸಲಾಗದಂತೆ ನಾಶವಾದ ವಾಹನದ ಸಂಗತಿಯನ್ನು ಮಾಲೀಕ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಮು ಹೇಳುತ್ತದೆ. ಚಾಸಿ ನಂಬರ್ ಕೊರೆದ ತಗಡು ದಾನಿಯಿಂದ ಇನ್ನೊಂದು ಕಾರಿಗೆ ಎಂದೂ ಹೋಗಕೂಡದು. ಹೋದರೆ ಅದು ಜೀರ್ಣೋದ್ಧಾರವಲ್ಲ, ಅಪರಾಧ. 2021ರ ನಿಯಮಗಳಂತೆ ವಿಂಟೇಜ್ ಎಂದು ನೋಂದಣಿ ಪಡೆಯಲು ವಾಹನ 50 ವರ್ಷ ದಾಟಿರಬೇಕು, ಮೂಲರೂಪದಲ್ಲಿರಬೇಕು, ಭಾರೀ ಬದಲಾವಣೆ ಕಂಡಿರಬಾರದು. ಯಾವ ತಗಡು ಎಲ್ಲಿಂದ ಬಂತೆಂಬ ಫೋಟೊ, ಬರಹ ಇಟ್ಟುಕೊಂಡವರಿಗೆ ಇಲ್ಲಿ ಅನುಕೂಲ.

ಆಮೇಲೆ ಬ್ಯಾಟರಿ, ಪೆಟ್ರೋಲ್ ಟ್ಯಾಂಕು, ಸೀಟು, ಗಾಜು, ವೈರಿಂಗ್ ಎಲ್ಲ ಹೊರಗೆ. ಟ್ಯಾಂಕ್ ಬರಿದಾದರೆ ಸಾಲದು. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕೇ ಗ್ರೈಂಡರಿನ ಕಿಡಿಗೆ ಹೆಚ್ಚು ಅಪಾಯಕಾರಿ. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ದಿನವೇ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು, ತುಸು ಬಿಗಿಗೊಳಿಸಿ ಸಡಿಲಿಸಿ ಮಾಡುತ್ತ ಬಿಚ್ಚುವುದು ವಾಡಿಕೆ. ದಾನಿ ಕಾರಿನಲ್ಲಿ ಒಂದು ಸ್ವಾತಂತ್ರ್ಯವಿದೆ: ಬೋಲ್ಟ್ ತುಂಡಾದರೂ ನಟ್ಟು ಹಾಳಾದರೂ ನಷ್ಟವಿಲ್ಲ, ತಗಡಿನ ಅಂಚು ಮಾತ್ರ ಹರಿಯಬಾರದು. ಹಟ ಹಿಡಿದ ಬೋಲ್ಟಿನ ತಲೆಯನ್ನು ಉಜ್ಜಿ ಹಾಕುವುದೇ ಜಾಣತನ.

ಬೆಸೆದ ತಗಡಿಗೆ ಬಂದಾಗ ಒಂದು ಪ್ರಶ್ನೆ ಎದುರಾಗುತ್ತದೆ. ಪ್ರತಿ ಚುಕ್ಕಿಯಲ್ಲೂ ಎರಡು ತಗಡುಗಳಿವೆ, ಒಂದನ್ನು ಕೆಡಿಸದೆ ಇನ್ನೊಂದು ಬಿಡುವುದಿಲ್ಲ. ಯಾವುದನ್ನು ಕೆಡಿಸಬೇಕು? ರಿಪೇರಿಯಾಗುವ ಕಾರಿನಲ್ಲಿ ತುಕ್ಕು ತಿಂದ ಹೊರತಗಡನ್ನು ಕೊರೆದು, ಒಳಗಿನ ಚೌಕಟ್ಟನ್ನು ಉಳಿಸುತ್ತಾರೆ. ದಾನಿಯಲ್ಲಿ ಲೆಕ್ಕ ಪೂರ್ತಿ ತಲೆಕೆಳಗು. ಅಲ್ಲಿ ಬೇಕಾದ್ದು ಹೊರತಗಡು, ಚೌಕಟ್ಟು ಗುಜರಿಯ ಪಾಲು. ಆದ್ದರಿಂದ ಸಾಧ್ಯವಿದ್ದಲ್ಲೆಲ್ಲ ಹಿಂಬದಿಯಿಂದ, ಅಂದರೆ ಚೌಕಟ್ಟಿನ ಕಡೆಯಿಂದ ಕೊರೆಯಬೇಕು. ರಿಪೇರಿಯಲ್ಲೇ ಪಳಗಿದ ಕೈ ಅಭ್ಯಾಸಬಲದಿಂದ ಹೊರಗಿನಿಂದ ಕೊರೆಯುವುದು ಅಪರೂಪವಲ್ಲ.

ಹಿಂಬದಿಗೆ ಕೈ ತಲುಪಬೇಕಾದರೆ ಮೊದಲು ದೊಡ್ಡದಾಗಿ ಕತ್ತರಿಸಿಕೊಳ್ಳಬೇಕು. ಹಿಂದಿನ ಮಡ್‌ಗಾರ್ಡ್ ಬೇಕಿದ್ದರೆ ಸಂದಿಗಿಂತ ಕೆಲವು ಇಂಚು ಆಚೆಗೆ, ಕಂಬ ಮತ್ತು ನೆಲದ ಚೂರುಗಳ ಸಮೇತ ತುಂಡನ್ನು ಬೇರ್ಪಡಿಸುತ್ತಾರೆ. ಆ ಚೂರುಗಳು ಸಾಗಣೆಯಲ್ಲಿ ತಗಡು ತಿರುಚದಂತೆ ಕಾಯುತ್ತವೆ, ಬೆಸುಗೆ ಬಿಡಿಸುವ ನಾಜೂಕಿನ ಕೆಲಸ ಮೇಜಿನ ಮೇಲೆ ನಡೆಯುತ್ತದೆ. ಗ್ಯಾಸ್ ಕಟ್ಟರ್ ಇದಕ್ಕೆ ಸಲ್ಲದು. ಸುಮಾರು ಒಂದು ಮಿ.ಮೀ. ದಪ್ಪದ ತಗಡು ಒಂದೆಡೆ ಕೆಂಪಗೆ ಕಾದಾಗ ಹಿಗ್ಗಲು ಹೊರಡುತ್ತದೆ, ಸುತ್ತಲಿನ ತಣ್ಣನೆಯ ಭಾಗ ಬಿಡುವುದಿಲ್ಲ. ಕಾದ ಭಾಗ ಅಲ್ಲೇ ಅಮುಕಿ ದಪ್ಪಗಾಗಿ, ತಣಿಯುವಾಗ ಮೊದಲಿಗಿಂತ ಹೆಚ್ಚು ಕುಗ್ಗಿ ಇಡೀ ತಗಡನ್ನು ಸುಟ್ಟ ಹಪ್ಪಳದಂತೆ ಸೊಟ್ಟ ಮಾಡುತ್ತದೆ.

ಚುಕ್ಕಿಗಳು ಬಣ್ಣದಡಿ ಅಡಗಿರುತ್ತವೆ. ತಂತಿ ಬ್ರಷ್ಷಿನಿಂದ ಉಜ್ಜಿದರೆ ಸಣ್ಣ ತಗ್ಗುಗಳಾಗಿ ಕಾಣುತ್ತವೆ. ಕಾಣದಿದ್ದಲ್ಲಿ ತೆಳುವಾದ ಚಾಣವನ್ನು ಸಂದಿಗೆ ತುಸು ಒತ್ತಿದರೆ ಚುಕ್ಕಿಯಿದ್ದಲ್ಲಿ ತಗಡು ಬಿಗಿಯಾಗಿ ಉಳಿದು ಗುಟ್ಟು ಬಿಟ್ಟುಕೊಡುತ್ತದೆ. ಹಳೆಯ ಕಾರುಗಳಲ್ಲಿ ಮಾಡು ಮತ್ತು ಹಿಂಬದಿಯ ಸಂದಿಗಳನ್ನು ಸೀಸ-ತವರದ ಮಿಶ್ರಣ ತುಂಬಿ ನುಣುಪು ಮಾಡುತ್ತಿದ್ದರು. ಅದು 183 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಮೆತ್ತಗಾಗತೊಡಗುವುದರಿಂದ ಹದವಾದ ಉರಿಯಲ್ಲಿ ಕಾಯಿಸಿ ಒರೆಸಿ ತೆಗೆಯಬಹುದು. ಗ್ರೈಂಡರ್ ಹಿಡಿದರೆ ಸೀಸದ ಧೂಳು ನೇರ ಶ್ವಾಸಕೋಶಕ್ಕೆ.

ಸಾಮಾನ್ಯ ಡ್ರಿಲ್ ಬಿಟ್ಟಿನ ಮೊನೆ ಚೂಪು. ಅದು ಒಂದು ತಗಡನ್ನು ಪೂರ್ತಿ ಕೊರೆಯುವಷ್ಟರಲ್ಲಿ ಇನ್ನೊಂದನ್ನೂ ತೂತು ಮಾಡಿರುತ್ತದೆ. ಸ್ಪಾಟ್ ವೆಲ್ಡ್ ಬಿಟ್ಟಿನ ಮುಖ ಹೆಚ್ಚುಕಡಿಮೆ ಚಪ್ಪಟೆ, ನಡುವೆ ಸಣ್ಣದೊಂದು ಮುಳ್ಳು. ಸೆಂಟರ್ ಪಂಚಿನಿಂದ ಗುರುತು ಹೊಡೆದು 8 ಮಿ.ಮೀ. ಅಳತೆಯ ಇಂಥ ಬಿಟ್ಟನ್ನು ನಿಧಾನ ವೇಗದಲ್ಲಿ, ಎಣ್ಣೆ ಬಿಟ್ಟು ಓಡಿಸುತ್ತಾರೆ. ಗುಂಡಿಯ ಸುತ್ತ ಕಂದುಬಣ್ಣದ ತುಕ್ಕಿನ ಪುಡಿ ಹಾರಿತೆಂದರೆ ಸಂದಿ ತಲುಪಿದೆ ಎಂದರ್ಥ. ಈ ತುಕ್ಕು ಆಕಸ್ಮಿಕವಲ್ಲ. ಒತ್ತೊತ್ತಾಗಿರುವ ಎರಡು ತಗಡುಗಳ ನಡುವಿನ ಕೂದಲೆಳೆಯ ಸಂದಿಗೆ ನೀರು ತಾನಾಗಿ ಏರುತ್ತದೆ, ಒಣಗುವುದು ತಡ. ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ಬೇಡುವುದರಿಂದ ಚುಕ್ಕಿಗಳ ನಡುವೆ ತಗಡು ಉಬ್ಬುತ್ತದೆ. ಉಬ್ಬಿದ ಅಂಚಿನ ದಾನಿಯನ್ನು ಕೊಳ್ಳದಿರುವುದೇ ಲೇಸು.

ಬಿಡಿಸಿದ ತಗಡು ರಿಪೇರಿಯಾಗುವ ಕಾರಿಗೆ ಸರಿಯಾಗಿ ಕೂರುತ್ತದೆಂಬ ಖಾತರಿಯಿಲ್ಲ. ಅರುವತ್ತರ ದಶಕದ ಕಾರ್ಖಾನೆಗಳಲ್ಲಿ ಬಾಗಿಲು, ಮಡ್‌ಗಾರ್ಡ್‌ಗಳನ್ನು ಕೆಲಸಗಾರರು ಆಯಾ ಕಾರಿಗೆ ಬಗ್ಗಿಸಿ, ಅರ ಹಿಡಿದು, ಸೀಸ ತುಂಬಿ ಹೊಂದಿಸುತ್ತಿದ್ದರು. ಒಂದೇ ಮಾದರಿಯ ಎರಡು ಕಾರುಗಳ ಬಾಗಿಲೂ ಅದಲುಬದಲಿಗೆ ಒಪ್ಪದಿರಬಹುದು. ಹಾಗಾಗಿ ಬಾಗಿಲನ್ನು ಮಡ್‌ಗಾರ್ಡಿನ ಜೊತೆಗೇ, ಕೀಲು ಸಮೇತ ತರುವುದು ಒಳ್ಳೆಯದು.

ಹೊಸ್ತಿಲುಪಟ್ಟಿ ಬದಲಿಸುವುದಿದ್ದರೆ ಹಳೆಯದನ್ನು ಕತ್ತರಿಸುವ ಮೊದಲೇ ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಪೈಪು ಬೆಸೆಯಬೇಕು. ಮಾಡಿಲ್ಲದ ಎಂಜಿಬಿಯಂಥ ಕಾರಿನಲ್ಲಿ ನಡುಬಗ್ಗದಂತೆ ಹಿಡಿಯುವುದು ಮುಖ್ಯವಾಗಿ ಆ ಪಟ್ಟಿಯೇ. ಅದರ ತುದಿ ಮಡ್‌ಗಾರ್ಡಿನ ಹಿಂದಕ್ಕೆ ಹೋಗಿ ಅಡಗುವುದರಿಂದ, ಮಡ್‌ಗಾರ್ಡಿನ ಕೆಳಭಾಗವನ್ನು ತೆಗೆಯದೆ ಪಟ್ಟಿ ಪೂರ್ತಿ ಬದಲಿಸಲಾಗದು.

ತಗಡನ್ನು ಮೊದಲು ಕ್ಲಾಂಪು, ಸ್ಕ್ರೂಗಳಲ್ಲಿ ತಾತ್ಕಾಲಿಕವಾಗಿ ಕೂರಿಸಿ, ಬಾಗಿಲು ತೆರೆದು ಮುಚ್ಚಿ ಸಂದು ನೋಡುತ್ತಾರೆ. ಒಪ್ಪಿತೆಂದರೆ ಮತ್ತೆ ಬಿಚ್ಚಿ, ಒಳಮೈಗೆ ಸತುವಿನ ಪ್ರೈಮರ್ ಬಳಿದು, ಅಂಚಿನಲ್ಲಿ ಕೊರೆದ ತೂತುಗಳನ್ನು ಮಿಗ್ ವೆಲ್ಡಿಂಗ್‌ನಿಂದ ಒಂದೊಂದಾಗಿ ತುಂಬುತ್ತಾರೆ. ದಾನಿಯಿಂದ ಬಿಡಿಸುವಾಗ ಹಿಂಬದಿಗೆ ಕೈ ಹೋಗದೆ ಹೊರಗಿನಿಂದಲೇ ಕೊರೆದ ತೂತುಗಳಿದ್ದರೆ ಅವೂ ಈಗ ಉಪಯೋಗಕ್ಕೆ ಬರುತ್ತವೆ. ಒಂದು ತುದಿಯಿಂದ ಸಾಲಾಗಿ ಬೆಸೆದರೆ ಬಿಸಿಗೆ ತಗಡು ಸೊಟ್ಟಗಾಗುವುದರಿಂದ, ಅಲ್ಲೊಂದು ಇಲ್ಲೊಂದು ಚುಕ್ಕಿ ಹಾಕಿ, ತಣಿಯಲು ಬಿಟ್ಟು ಮುಂದುವರಿಯುವುದು ಕ್ರಮ. ಕೊನೆಯಲ್ಲಿ ಸಂದಿಗೆ ಸೀಲಂಟ್ ತುಂಬಿದರೆ ನೀರು ಒಳಗೆ ಇಳಿಯುವುದಿಲ್ಲ.